ಮಹೇಶ ಅಂಗಡಿ ‘ಮಂಗಡಿ’ ಆಗದ ಹಾಗೆ

ದಾವಣಗೆರೆ, ಚಿತ್ರದುರ್ಗದ ಆಫೀಸುಗಳಿಗೆ ಇಮೇಲ್ ಖಾತೆ ತೆರೆದುಕೊಡುವಾಗ ನಾನು ಮೊದಲು ನೋಡುವುದು ವಿಳಾಸ ಕಟ್ಟುವ ಸೂತ್ರ. ಬಹಳ ಕಡೆ ಹೆಸರಿನ ಮೊದಲ ಅಕ್ಷರಕ್ಕೆ ಅಡ್ಡಹೆಸರು ಅಂಟಿಸಿರುತ್ತಾರೆ. ಅದರಲ್ಲಿ ಮಹೇಶ ಅಂಗಡಿ ‘ಮಂಗಡಿ’. ಸುಮಾ ಹಿಟ್ನಾಳ ಅವರದ್ದನ್ನು ಇಂಗ್ಲಿಷ್ ಬಲ್ಲವರು ‘ಶಿಟ್‌ನಾಳ್’ ಅಂತ ಓದುತ್ತಾರೆ. ಹೆಸರಿನ ಮೂರು, ಅಡ್ಡಹೆಸರಿನ ಎರಡು ಇಂಗ್ಲಿಷ್ ಅಕ್ಷರ ಅನ್ನುವ ಸೂತ್ರ ಇನ್ನೂ ಕೆಟ್ಟದ್ದು: ಮಂಜುನಾಥ ಗದಗ ‘ಮಂಗ’, ಕಲಾವತಿ ಲಕ್ಕುಂಡಿ ‘ಕಳ್ಳ’.

ನಮ್ಮಲ್ಲಿ ಅರ್ಧ ಜನಕ್ಕೆ ಅಡ್ಡಹೆಸರೇ ಇಲ್ಲ, ಬರೀ ಇನಿಷಿಯಲ್. ಜಿ.ಎಂ. ಮಂಜುನಾಥ ಅವರ ‘ಜಿ.ಎಂ.’ ಅಡ್ಡಹೆಸರಿನ ಕಾಲಂನಲ್ಲಿ ಕೂತರೆ ವಿಳಾಸ ‘ಎಂಜಿಎಂ’ ಅಷ್ಟೇ, ಜಿ.ಎಂ. ಮಂಜುಳಾಗೂ ಅದೇ. ಆಗ ಯಂತ್ರ ಕೊನೆಗೆ 1, 2 ಹಾಕುತ್ತದೆ. ಇಂಗ್ಲಿಷ್ ‘ಎಲ್’ ಪಕ್ಕ 1 ಬಂದರೆ, ಅನಿಲ್1 ಅನ್ನುವಂಥದ್ದು, ಕಣ್ಣಿಗೆ ಬೇರೆ ಕಾಣುವುದೇ ಇಲ್ಲ.

ನಾನು ಇಡುವುದು ಪೂರ್ತಿ ಹೆಸರು, ಚುಕ್ಕೆ, ಎಲ್ಲ ಇನಿಷಿಯಲ್. ಸ್ಪೆಲ್ಲಿಂಗ್ ಅವರವರೇ ಬರೆದುಕೊಟ್ಟದ್ದು. ಖಾತೆ ತೆರೆಯುವ ಮುಂಚೆ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ, ಹೆಚ್ಚುವರಿ ಖಾಲಿ ಜಾಗ ತೆಗೆಯುವ ‘ಟ್ರಿಮ್’ ಸೂತ್ರ ಹಾಕುತ್ತೇನೆ. ಕೊನೆಗೊಂದು ಖಾಲಿ ಜಾಗ ಉಳಿದರೂ ಒಂದು ಹೆಸರು ಎಷ್ಟು ಸಲ ಬಂದಿದೆ ಅಂತ ಎಣಿಸುವ ‘ಕೌಂಟ್‌ಇಫ್’ ಒಂದೇ ಥರದ ಎರಡು ಹೆಸರನ್ನು ಬೇರೆ ಬೇರೆ ಅಂತ ಎಣಿಸುತ್ತದೆ. ಚಿತ್ರದುರ್ಗದ ಕಡೆ ತಿಪ್ಪೇಸ್ವಾಮಿಗಳಿಗೆ ಇಷ್ಟು ಸಾಲದು. ಒಬ್ಬರು ‘ಟಿ’ ಮುಂದೆ ‘ಎಚ್’ ಹಾಕುತ್ತಾರೆ, ಒಬ್ಬರು ಇಲ್ಲ; ಕೊನೆಗೆ ಒಬ್ಬರದು ‘ವೈ’, ಇನ್ನೊಬ್ಬರದು ‘ಐ’. ಪಕ್ಕದ ಕಾಲಂನಲ್ಲಿ, ಅಕ್ಷರ ಬದಲಿಸುವ ‘ಸಬ್‌ಸ್ಟಿಟ್ಯೂಟ್’ನಿಂದ ‘ಎಚ್’ ತೆಗೆದು, ‘ವೈ’ಯನ್ನು ‘ಐ’ ಮಾಡಿ ಮತ್ತೆ ಎಣಿಸಿದರೆ ಅವಳಿ ವಿಳಾಸಗಳೆಲ್ಲ ಹೊರಬೀಳುತ್ತವೆ. ಅಂಥವರಿಗೆ ಸಂಖ್ಯೆ ಬೇಡ, ಅವರನ್ನೇ ಕೇಳಿ ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಬಿಡಿಸಿ ಬರೆಯಿರಿ. ಇಲ್ಲವಾದರೆ ಸಂಬಳದ ಸ್ಲಿಪ್ ಪಕ್ಕದ ಮೇಜಿಗೆ ಹೋಗುತ್ತದೆ.

ಆಮೇಲೆ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು, ಒಮ್ಮೆ ಕನ್ನಡದ ಕಿವಿಗೆ, ಒಮ್ಮೆ ಇಂಗ್ಲಿಷಿನ ಕಿವಿಗೆ. ಇಂಗ್ಲಿಷ್ ಬೈಗುಳ ಸೋಸುವ ಪಟ್ಟಿಗಳಿಗೆ ‘ಮಂಗ’ ಗೊತ್ತಿಲ್ಲ.

ಉದ್ದ ಹೆಸರಿನ ತೊಡಕು ಇಮೇಲ್‌ನದ್ದಲ್ಲ, ಅಲ್ಲಿ ‘ಅಟ್’ (@) ಗುರುತಿಗೆ ಮೊದಲು 64 ಅಕ್ಷರ ಹಿಡಿಯುತ್ತದೆ. ಆದರೆ ಆಫೀಸಿನ ಕಂಪ್ಯೂಟರ್ ಖಾತೆಗಳನ್ನೆಲ್ಲ ಒಂದೆಡೆ ನೋಡಿಕೊಳ್ಳುವ ವಿಂಡೋಸ್ ಆಕ್ಟಿವ್ ಡೈರೆಕ್ಟರಿಯ ಹಳೇ ಮಾದರಿಯ ಲಾಗಿನ್ ಹೆಸರಿಗೆ ಮಿತಿ 20 ಅಕ್ಷರ. ಅಲ್ಲಿಗೆ ಕತ್ತರಿಸಿದರೆ ತಿಪ್ಪೇರುದ್ರಸ್ವಾಮಿ ಹಿರೇಮಠ ಅವರ ಮಠವೇ ಹೋಗಿ ‘ಹಿರ್’ ಉಳಿಯುತ್ತದೆ. ಲಾಗಿನ್‌ಗೆ ಉದ್ಯೋಗಿ ಸಂಖ್ಯೆ ಕೊಡಿ, ಇಮೇಲ್ ಬೇರೆ ಇಡಿ.

ಆಗಲೇ ತಪ್ಪಾಗಿದ್ದರೆ ಹೆಸರು ಬದಲಿಸಿ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಹಳೇ ವಿಳಾಸ ತಾನೇ ಅಲಿಯಾಸ್, ಅಂದರೆ ಅದೇ ಖಾತೆಯ ಇನ್ನೊಂದು ವಿಳಾಸ, ಆಗಿ ಉಳಿಯುತ್ತದೆ, ಪತ್ರ ತಪ್ಪುವುದಿಲ್ಲ. ಆದರೆ ಕೆಲಸ ಬಿಟ್ಟ ತಿಪ್ಪೇಸ್ವಾಮಿಯ ವಿಳಾಸವನ್ನು ಹೊಸ ತಿಪ್ಪೇಸ್ವಾಮಿಗೆ ಕೊಡಲೇಬೇಡಿ. ಹಳಬರ ಪಾಸ್‌ವರ್ಡ್ ಬದಲಿಸುವ ಲಿಂಕುಗಳೆಲ್ಲ ಹೊಸಬರಿಗೆ ಬರುತ್ತವೆ.