ಬೇಲಿಗೆ ಕಣಗಿಲೆ ಹಾಕಿದ ನನ್ನ ಅನುಭವ

ಬೇಲಿ ಸಾಲಿಗೆ ನಾನು ಮೊದಲು ಹಾಕಿದ್ದು ದಾಸವಾಳ. ಅರ್ಧ ಬಿಸಿಲಿಗೆ ಒಣಗಿತು, ಉಳಿದರ್ಧ ಆಡುಗಳ ಪಾಲಾಯಿತು. ಆಮೇಲೆ ಕಣಗಿಲೆ ಹಾಕಿದೆ. ಈಗ ಆರು ವರ್ಷ. ಆಳೆತ್ತರ ಮೀರಿ ಬೆಳೆದಿದೆ, ಮೂರು ವರ್ಷದಿಂದ ಒಂದು ಕೊಡ ನೀರು ಹಾಕಿಲ್ಲ, ಆದರೂ ವರ್ಷಪೂರ್ತಿ ಹಸಿರು, ಬಿಸಿಲು ಜೋರಾದಷ್ಟೂ ಹೂವು ಜಾಸ್ತಿ.

ಗಿಡ ಕೊಳ್ಳಲೇಬೇಕು ಅಂತ ಏನಿಲ್ಲ. ಪೆನ್ಸಿಲ್ ದಪ್ಪದ ಕಡ್ಡಿ ಸಾಕು. ತೀರಾ ಎಳೆಯದು ಕೊಳೆಯುತ್ತದೆ, ತೀರಾ ಬಲಿತದ್ದು ಬೇರು ಬಿಡಲು ಸತಾಯಿಸುತ್ತದೆ. ಗೆಣ್ಣಿನ ಕೆಳಗೆ ಕತ್ತರಿಸಿ, ಬುಡದ ಎಲೆ ಕಿತ್ತು, ನೀರಿನ ಬಾಟಲಿಯಲ್ಲಿ ನಿಲ್ಲಿಸಿ ನೆರಳಲ್ಲಿ ಇಟ್ಟೆ. ನಾಲ್ಕಾರು ದಿನಕ್ಕೊಮ್ಮೆ ನೀರು ಬದಲಿಸಿದೆ. ಮೊದಲು ತೊಗಟೆ ಮೇಲೆ ಬಿಳಿ ಗುಳ್ಳೆ ಎದ್ದವು, ಸುಮಾರು ತಿಂಗಳಲ್ಲಿ ಬೇರು. ಕಣಗಿಲೆಯ ಮೈಯೆಲ್ಲ ವಿಷ, ಕಡ್ಡಿ ನಿಂತ ಆ ನೀರೂ ವಿಷವೇ, ಮಕ್ಕಳು, ನಾಯಿ, ಬೆಕ್ಕು ಮುಟ್ಟದ ಕಡೆ ಇಡಿ.

ನಾಲ್ಕು ಅಡಿಗೊಂದು ನೆಟ್ಟೆ. ಮೊದಲ ವರ್ಷ ವಾರಕ್ಕೊಮ್ಮೆ ನೀರು, ಆಮೇಲೆ ಕಡಿಮೆ ಮಾಡುತ್ತಾ ಬಂದೆ. ನೀರಿಲ್ಲದೆ ಇದು ಹೇಗೆ ತಡೆಯುತ್ತದೆ ಅಂದರೆ, ಎಲೆ ಉಸಿರಾಡುವ ರಂಧ್ರಗಳೆಲ್ಲ ಅದರ ಕೆಳಮೈಯ ಸಣ್ಣ ಗುಳಿಗಳಲ್ಲಿ ಅಡಗಿವೆ, ಗುಳಿ ತುಂಬ ರೋಮ. ಒಣಗಾಳಿ ನೇರ ತಾಗುವುದಿಲ್ಲ, ಹಾಗಾಗಿ ನೀರು ಬೇಗ ಆರುವುದಿಲ್ಲ.

ನಾನು ಕೆಡಿಸಿದ್ದು ಸವರುವುದರಲ್ಲಿ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಅದು ಗೊತ್ತಿಲ್ಲದೆ ಮೊಗ್ಗು ಕಟ್ಟುವ ಹೊತ್ತಿಗೆ ಕತ್ತರಿ ಆಡಿಸಿ ಒಂದು ಹಂಗಾಮಿನ ಹೂವು ಕಳಕೊಂಡೆ. ಈಗ ಹೂವಿನ ಭರಾಟೆ ಮುಗಿದ ಮೇಲೆಯೇ ಸವರುತ್ತೇನೆ. ಒಂದೊಂದು ಗೆಣ್ಣಿಗೆ ಮೂರು ಎಲೆ ಇರುತ್ತವಲ್ವಾ, ಅದರ ಸ್ವಲ್ಪ ಮೇಲೆ ಕತ್ತರಿಸಿದರೆ ಸಾಮಾನ್ಯವಾಗಿ ಎರಡು ಮೂರು ಚಿಗುರು ಒಡೆಯುತ್ತವೆ, ಬೇಲಿ ದಟ್ಟವಾಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸವರಿದ ರೆಂಬೆಗಳನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿದೆ. ಹೊಗೆ ಮುಖಕ್ಕೆ ಬಡಿದು ಕೆಮ್ಮು ಹತ್ತಿತು, ಅರ್ಧಕ್ಕೇ ನೀರು ಸುರಿದೆ. ಎಲೆ, ಹೂವು, ಕಾಂಡ, ಬೇರು, ಹಾಲು ಎಲ್ಲದರಲ್ಲೂ ಹೃದಯದ ಬಡಿತ ತಪ್ಪಿಸುವ ವಿಷವಿದೆ, ಒಣಗಿದರೂ ಹೋಗುವುದಿಲ್ಲ, ಹೊಗೆಯೂ ಒಳ್ಳೆಯದಲ್ಲ. ಮೇವಿನಲ್ಲಿ ನಾಲ್ಕು ಎಲೆ ಸೇರಿದರೂ ದನಕ್ಕೆ ಅಪಾಯ. ಈಗ ಕೈಗವಸು ಹಾಕಿಕೊಂಡು ಸವರಿ, ದನ ಹೋಗದ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚುತ್ತೇನೆ. ಔಷಧಿ ಅಂತ ಇದರ ಎಲೆಯನ್ನು ಮನೆಯಲ್ಲಿ ಕುದಿಸುವ ಸಾಹಸವಂತೂ ಬೇಡವೇ ಬೇಡ. ಆಡು ಮೂಸಿ ನೋಡಿ ಹೋಗುವುದು ಸುಮ್ನೆ ಅಲ್ಲ.

ಗೊಬ್ಬರ ಜಾಸ್ತಿ ಹಾಕಿದರೆ ಚಿಗುರು ಮೆತ್ತಗಾಗಿ ಹಳದಿ ಹೇನು ಮುತ್ತುತ್ತವೆ. ಪೈಪಿನ ನೀರು ಜೋರಾಗಿ ಬಿಟ್ಟರೆ ಉದುರುತ್ತವೆ. ಹಸಿರು ಹುಳವೊಂದು ಬರುತ್ತದೆ, ಬೆರಳು ಗಾತ್ರ. ಮುಟ್ಟಿದರೆ ಕತ್ತು ಬಾಗಿಸಿ ಎರಡು ನೀಲಿ ಕಣ್ಣು ತೋರಿಸುತ್ತದೆ, ಅವು ನಿಜವಾದ ಕಣ್ಣಲ್ಲ, ಬರೀ ಮಚ್ಚೆ. ಮುಂದೆ ಅದೇ ಹಸಿರು ಪತಂಗವಾಗುತ್ತದೆ. ಅದನ್ನು ನಾನು ತೆಗೆಯುವುದಿಲ್ಲ. ಒಂದೆರಡು ರೆಂಬೆ ಬೋಳಾದರೆ ಆಗಲಿ, ಹೇಗೂ ಸವರಬೇಕಿತ್ತು.