ಸಕ್ಕರೆ ಕಾಯಿಲೆಯವರಿಗೆ ಮುದ್ದೆ ಎಷ್ಟು, ಹೇಗೆ?
ರಾಗಿ ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಂಬಿಕೆ ತಪ್ಪು. 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಕ್ಕಿಗಿಂತ ತುಸುವೇ ಕಡಿಮೆ. ಹಲವರಿಗೆ ಒಂದು ಹೊತ್ತಿಗೆ 50 ಗ್ರಾಂ ಹಿಟ್ಟಿನ ಮುದ್ದೆ ಸಾಕು. ಮೇಲೆ ಅನ್ನ ಬೇಡ.

ತಿಳಿಸಾರು ಬಿಟ್ಟು ಬಸ್ಸಾರು ಮಾಡಿ: ತಲೆಗೆ 30 ಗ್ರಾಂ ಅಲಸಂದೆ ಇಲ್ಲವೇ ಹೆಸರುಕಾಳು, ಎರಡು ಹಿಡಿ ದಂಟಿನಸೊಪ್ಪು. ಬಸಿದ ಕಾಳು-ಸೊಪ್ಪಿನ ಪಲ್ಯವನ್ನು ಮೊದಲು ತಿನ್ನಿ, ಆಮೇಲೆ ಮುದ್ದೆ ಮುರಿಯಿರಿ. ನಾರು, ಪ್ರೋಟೀನ್ ಮೊದಲು ಹೋದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ನುಣ್ಣನೆಯ ಹಿಟ್ಟಿನ ಗಂಜಿ ಬೇಗ ಜೀರ್ಣವಾಗುವುದರಿಂದ ಬೇಗ ಏರಿಸುತ್ತದೆ.

ಮೊದಲ ತುತ್ತಿನಿಂದ ಎರಡು ಗಂಟೆಗೆ ಗ್ಲುಕೋಮೀಟರ್‌ನಲ್ಲಿ ನೋಡಿ. 180 ದಾಟಿದರೆ ಮುದ್ದೆ ಕಿರಿದಾಗಲಿ, ಕಾಳು ಹೆಚ್ಚಲಿ. ಆದರೆ ಇನ್ಸುಲಿನ್ ಇಲ್ಲವೇ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಲೇಬಾರದು, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವ ಸಸ್ಯಾಹಾರಿಗಳಿಗೆ ವಿಟಮಿನ್ ಬಿ12 ಕೊರತೆಯಾಗಬಹುದು, ಅದರ ಪರೀಕ್ಷೆಯನ್ನೂ ಮಾಡಿಸಿ.