ಹೆಪಾ ಫಿಲ್ಟರ್ ಬದಲಿಸಿದರೂ ನಿಲ್ಲದ ಸೋರಿಕೆ: ನನ್ನ ಅನುಭವ

ಕ್ಲೀನ್ ರೂಮಿನ (ಗಾಳಿಯಲ್ಲಿ ಕಣಗಳನ್ನು ಅತಿ ಕಡಿಮೆ ಇಡುವ ಕೋಣೆಯ) ಛಾವಣಿಯಲ್ಲಿ ಕೂರಿಸಿದ್ದ ಎಚ್14 ದರ್ಜೆಯ ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನು ತಡೆಯುವ ಗಾಳಿಯ ಶೋಧಕ) ಸೋರಿಕೆ ಪರೀಕ್ಷೆಯಲ್ಲಿ ಪದೇ ಪದೇ ವಿಫಲವಾಗುತ್ತಿತ್ತು; ಫಿಲ್ಟರಿನ ಮೇಲ್ಬದಿಗೆ ಬಿಟ್ಟ ಮಂಜಿನಲ್ಲಿ ಕೆಳಗೆ ನುಸುಳುವ ಪಾಲಿಗೆ 0.01% ಮಿತಿಯಿದ್ದಲ್ಲಿ, ಅದನ್ನು ಅಳೆಯುವ ಫೋಟೋಮೀಟರ್ ಒಂದೇ ಮೂಲೆಯಲ್ಲಿ 0.03% ತೋರಿಸುತ್ತಿತ್ತು. ಫಿಲ್ಟರ್ ಬದಲಿಸಿದೆ, ಮೂಲೆಗೆ ಸಿಲಿಕೋನ್ ಹಚ್ಚಿದೆ, ಆ ಬದಿಯ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿದೆ, ಯಾವುದೂ ಫಲಿಸಲಿಲ್ಲ. ಅತ್ಯಂತ ಸುಲಭವಾಗಿ ನುಸುಳುವ ಗಾತ್ರದ ಕಣಗಳನ್ನೂ 99.995% ತಡೆಯುತ್ತದೆ ಎಂಬ ದರ್ಜೆಯ ಪ್ರಮಾಣಪತ್ರ ಫಿಲ್ಟರಿಗೆ ಮಾತ್ರ ಸಂಬಂಧಿಸಿದ್ದು, ಅದು ಕುಳಿತ ಚೌಕಟ್ಟಿಗಲ್ಲ.

ಫಿಲ್ಟರನ್ನು ಕೆಳಗಿಳಿಸಿದಾಗ ಮೂರು ಮೂಲೆಗಳಲ್ಲಿ ಗ್ಯಾಸ್ಕೆಟ್ಟಿನ (ಫಿಲ್ಟರಿಗೂ ಚೌಕಟ್ಟಿಗೂ ನಡುವೆ ಗಾಳಿ ನುಸುಳದಂತೆ ಒತ್ತಿ ಕೂರುವ ಮೆತ್ತನೆಯ ಪಟ್ಟಿಯ) ಮೇಲೆ ಚೌಕಟ್ಟಿನ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ನಾಲ್ಕನೆಯ ಮೂಲೆಯಲ್ಲಿ ಹಳೆಯ ಗ್ಯಾಸ್ಕೆಟ್ಟಿನ ಒಣಗಿದ ಚೂರೊಂದು ಚೌಕಟ್ಟಿಗೆ ಅಂಟಿಕೊಂಡಿದ್ದರಿಂದ ಅದರ ಪಕ್ಕದಲ್ಲಿ ಅಚ್ಚೇ ಇರಲಿಲ್ಲ. ಚೂರನ್ನೂ ಸಿಲಿಕೋನನ್ನೂ ಕೆರೆದು, ಚೌಕಟ್ಟನ್ನು ಒರೆಸಿ, ಗ್ಯಾಸ್ಕೆಟ್ ಹಾನಿಯಾಗದ ಫಿಲ್ಟರ್ ಕೂರಿಸಿ, ನಾಲ್ಕೂ ಬೋಲ್ಟುಗಳನ್ನು ಮೊದಲು ಕೈಯಿಂದ, ಅನಂತರ ಮೂಲೆಯಿಂದ ಎದುರು ಮೂಲೆಗೆ ಹೋಗುತ್ತ ಅರ್ಧರ್ಧ ಸುತ್ತಿನಂತೆ ಬಿಗಿಗೊಳಿಸಿದೆ.

ಮರುಪರೀಕ್ಷೆಯ ಕ್ರಮ ಹೀಗಿತ್ತು: ಗಾಳಿಯ ಹರಿವು ಸ್ಥಿರವಾದ ಮೇಲೆ ಫಿಲ್ಟರಿನ ಮೇಲ್ಬದಿಗೆ ಪಿಎಓ ಎಂಬ ಸಂಶ್ಲೇಷಿತ ಎಣ್ಣೆಯ ಮಂಜನ್ನು ಘನ ಮೀಟರಿಗೆ ಸುಮಾರು 20 ಮಿಲಿಗ್ರಾಂನಷ್ಟು ಬಿಟ್ಟು, ಆ ಸಾಂದ್ರತೆಯನ್ನು ಫೋಟೋಮೀಟರಿನಲ್ಲಿ 100% ಎಂದು ನಿಗದಿಪಡಿಸಿ, ಅದರ ಗಾಳಿ ಹೀರುವ ತುದಿಯಾದ ಪ್ರೋಬನ್ನು ಫಿಲ್ಟರಿನಿಂದ 3 ಸೆಂ.ಮೀ. ದೂರದಲ್ಲಿಟ್ಟು, ಸೆಕೆಂಡಿಗೆ 5 ಸೆಂ.ಮೀ. ಮೀರದಂತೆ ಮೊದಲು ಗ್ಯಾಸ್ಕೆಟ್ಟಿನ ಸುತ್ತ, ಆಮೇಲೆ ಒಂದರ ಅಂಚನ್ನು ಇನ್ನೊಂದು ಮುಚ್ಚುವ ಪಟ್ಟಿಗಳಲ್ಲಿ ಇಡೀ ಮೇಲ್ಮೈಯ ಮೇಲೆ ಆಡಿಸಿದೆ. ಅದೇ ಮೂಲೆಯಲ್ಲಿ ಈಗ 0.002%.